ಅಜ್ಜನ ಮರೆವು: ಸ್ಕ್ಯಾನಿಂಗ್‌ಗೆ ಹೊರಡುವ ಮೊದಲು

ಕೊಡಗಿನ ಗಡಿಯ ಊರು ಕರಿಕೆಯಿಂದ ಮಡಿಕೇರಿಗೆ ಹೋಗಬೇಕೆಂದರೆ ಪಟ್ಟಿಘಾಟ್ ಕಾಡಿನ ತಿರುವುಗಳನ್ನು ಏರಿ ಭಾಗಮಂಡಲ ದಾಟಬೇಕು. ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರ್. ಕೆಳಗಿಳಿದರೆ ಕೇರಳದ ಪಾಣತ್ತೂರು, ಅಲ್ಲಿಂದ ಕಾಞಂಗಾಡು. ಇನ್ನೊಂದು ದಿಕ್ಕಿಗೆ ತಿರುಗಿದರೆ ಸುಳ್ಯ. ಮಳೆಗಾಲದಲ್ಲಿ ಗುಡ್ಡ ಜರಿದರೆ ಮೇಲಿನ ದಾರಿಯ ಭರವಸೆಯೂ ಇಲ್ಲ. ಇಂಥ ಊರಿನಲ್ಲಿ ಅಜ್ಜನಿಗೋ ಅಜ್ಜಿಗೋ ಮರೆವು ಅತಿಯಾಯಿತು ಅನ್ನಿಸಿದಾಗ ಮನೆಯವರು ಎರಡರಲ್ಲಿ ಒಂದು ಮಾಡುತ್ತಾರೆ. ಅರವತ್ತಕ್ಕೆ ಅರಳುಮರಳು ಎಂದು ಸುಮ್ಮನಾಗುತ್ತಾರೆ, ಇಲ್ಲವೆ ಒಂದು ದಿನ ಜೀಪು ಮಾಡಿಕೊಂಡು ನೇರ ಮಂಗಳೂರಿಗೆ ಹೋಗಿ ತಲೆಯ ಸ್ಕ್ಯಾನಿಂಗ್ ಮಾಡಿಸಿ ಬರುತ್ತಾರೆ. ಮೊದಲನೆಯದು ತಪ್ಪು ಎಂದು ಈಗ ಎಲ್ಲರೂ ಹೇಳುತ್ತಾರೆ. ಎರಡನೆಯದೂ ಅರ್ಧ ಕೆಲಸವೇ. ಸ್ಕ್ಯಾನಿಂಗ್ ಕೊನೆಯ ಹಂತಕ್ಕೆ ಹತ್ತಿರದ್ದು. ಅದಕ್ಕೂ ಮುಂಚಿನ ಕೆಲಸದ ಮುಕ್ಕಾಲು ಪಾಲನ್ನು ಮನೆಯಲ್ಲೇ ಮಾಡಬಹುದು, ಮಾಡಲೇಬೇಕು.

ಡಿಮೆನ್ಶಿಯಾ ಎನ್ನುವುದು ಒಂದೇ ಕಾಯಿಲೆಯಲ್ಲ. ನೆನಪು, ಮಾತು, ಲೆಕ್ಕ, ದಾರಿ, ವಿವೇಚನೆ ಇವುಗಳಲ್ಲಿ ಕೆಲವು ಕುಂದುತ್ತಾ ಹೋಗಿ ದಿನನಿತ್ಯದ ಬದುಕಿಗೇ ಅಡ್ಡಿಯಾಗುವ ಸ್ಥಿತಿ ಅದು. ಆಲ್ಝೈಮರ್ ಅದರ ದೊಡ್ಡ ಕಾರಣ. ಮಿದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದು ಇನ್ನೊಂದು. ಲೂಯಿ ಬಾಡಿ, ಫ್ರಂಟೊಟೆಂಪೊರಲ್ ಎಂಬ ಬಗೆಗಳೂ ಇವೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ತೊಂದರೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು.

ಹಳ್ಳಿಯಲ್ಲಿ ಇದು ತಡವಾಗಿ ಗೊತ್ತಾಗುವುದಕ್ಕೆ ಒಂದು ಕಾರಣವಿದೆ. ತೋಟದ ಮನೆಯಲ್ಲಿ ಹಿರಿಯರ ಕೈಯಿಂದ ಕೆಲಸಗಳು ಒಂದೊಂದಾಗಿ ಮಕ್ಕಳ ಕೈಗೆ ಜಾರುತ್ತವೆ. ಅಡಿಕೆ ಲೆಕ್ಕ ಮಗನಿಗೆ, ಒಲೆ ಸೊಸೆಗೆ, ಪೇಟೆಯ ಸಾಮಾನು ಮೊಮ್ಮಗನಿಗೆ. ಪರೀಕ್ಷೆಯೇ ಇಲ್ಲದ ಮೇಲೆ ಫೇಲಾಗುವುದೆಲ್ಲಿ? ಅದಕ್ಕೇ ಅವರು ಇನ್ನೂ ತಾವಾಗಿ ಮಾಡುವ ಕೆಲಸಗಳ ಮೇಲೆ ಕಣ್ಣಿಡಿ. ಎಲೆಅಡಿಕೆ ಹಾಕುವಾಗ ಸುಣ್ಣ ಹಚ್ಚುವ ಕ್ರಮ ತಪ್ಪುತ್ತಿದೆಯೇ? ದೇವರ ದೀಪ ಹಚ್ಚಿದ್ದು ಮರೆತು ಮತ್ತೆ ಹಚ್ಚುತ್ತಾರೆಯೇ? ಇಸ್ಪೀಟಿನಲ್ಲಿ ಗೆಲ್ಲುತ್ತಿದ್ದವರು ಕೈ ಎಣಿಸಲಾಗದೆ ಎದ್ದು ಹೋಗುತ್ತಾರೆಯೇ? ರೇಶನ್ ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಬೇರೆಯವರಿಗೆ ಕೊಡುತ್ತಾರೆಯೇ? ನಲವತ್ತು ವರ್ಷ ನಡೆದ ತೋಟದ ದಾರಿಯಲ್ಲಿ ತಬ್ಬಿಬ್ಬಾಗುತ್ತಾರೆಯೇ? ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ಕೆಲಸದವಳು ಕದ್ದಳು ಎಂದು ವಾರಗಟ್ಟಲೆ ದೂರುವುದು ಬೇರೆ ಸಂಗತಿ.

ಎಲ್ಲ ಬಗೆಯ ಡಿಮೆನ್ಶಿಯಾವೂ ಮರೆವಿನಿಂದಲೇ ಶುರುವಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಲೂಯಿ ಬಾಡಿ ಬಗೆಯಲ್ಲಿ ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣುವುದು ಮೊದಲ ಲಕ್ಷಣಗಳಲ್ಲಿ ಒಂದು. ಫ್ರಂಟೊಟೆಂಪೊರಲ್ ಬಗೆಯಲ್ಲಿ ನೆನಪು ಗಟ್ಟಿಯಾಗಿಯೇ ಇದ್ದು ಸ್ವಭಾವ ಬದಲಾಗುತ್ತದೆ. ಗೌರವಸ್ಥರು ನಾಲ್ಕು ಜನರೆದುರು ಬಾಯಿಗೆ ಬಂದಂತೆ ಆಡತೊಡಗುತ್ತಾರೆ, ಸಿಹಿ ಕಂಡರೆ ಬಿಡುವುದಿಲ್ಲ, ಮನೆಯವರ ಸಂಕಟ ಅವರಿಗೆ ತಟ್ಟುವುದೇ ಇಲ್ಲ. ಇಂಥವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ಬದಲು ಜ್ಯೋತಿಷಿಯ ಹತ್ತಿರ ಹೋಗಿ ವರ್ಷ ಕಳೆಯುವವರಿದ್ದಾರೆ.

ನೂರು ಪುಟದ ನೋಟ್‌ಬುಕ್

ಹತ್ತಿರದ ಅಂಗಡಿಯಲ್ಲಿ ಸಿಗುವ ಒಂದು ನೋಟ್‌ಬುಕ್ ಸಾಕು. ದಿನಾಂಕ ಹಾಕಿ, ಏನಾಯಿತೋ ಅದನ್ನಷ್ಟೇ ಬರೆಯಿರಿ. ‘ಮರೆವು ಜಾಸ್ತಿ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಬೆಳಿಗ್ಗೆ ಕಾಫಿ ಕುಡಿದು ಹತ್ತು ನಿಮಿಷಕ್ಕೆ ಕಾಫಿ ಕೊಟ್ಟಿಲ್ಲವೆಂದು ಜಗಳ’ ಎಂದು ಬರೆದರೆ ಡಾಕ್ಟರಿಗೆ ಅರ್ಥವಾಗುತ್ತದೆ. ಮೊದಲ ಬಾರಿ ಯಾವಾಗ ಅನುಮಾನ ಬಂತು ಎಂಬುದನ್ನು ಊರಿನ ಘಟನೆಗಳ ಜೊತೆ ಸೇರಿಸಿ ನೆನಪಿಸಿಕೊಳ್ಳಿ: ಮೊಮ್ಮಗಳ ಮದುವೆಗೆ ಮೊದಲೋ ಆಮೇಲೋ, ಆ ವರ್ಷದ ಹುತ್ತರಿಗೆ ಸರಿಯಿದ್ದರೋ ಇಲ್ಲವೋ. ನಿಧಾನಕ್ಕೆ ಜಾರುತ್ತಿದೆಯೋ, ಮೆಟ್ಟಿಲಿಳಿದಂತೆ ಒಂದೊಂದು ಸಲ ದಿಢೀರ್ ಕುಸಿಯುತ್ತಿದೆಯೋ ಎನ್ನುವುದು ಬಹಳ ಮುಖ್ಯ. ಮೊದಲನೆಯದು ಆಲ್ಝೈಮರ್ ಕಡೆಗೆ, ಎರಡನೆಯದು ರಕ್ತನಾಳಗಳ ಕಡೆಗೆ ಬೆರಳು ತೋರುತ್ತದೆ. ಇದನ್ನು ಯಾವ ಯಂತ್ರವೂ ಹೇಳಲಾರದು.

ಅದೇ ಪುಸ್ತಕದ ಹಿಂಬದಿಯಲ್ಲಿ ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಇರಲಿ. ಎಲ್ಲ ಅಂದರೆ ಎಲ್ಲ. ನಿದ್ರೆಯ ಮಾತ್ರೆ, ಶೀತ-ಅಲರ್ಜಿಗೆ ಮೆಡಿಕಲ್ ಶಾಪಿನವರು ಕೊಟ್ಟದ್ದು, ಮೂತ್ರ ತಡೆಯಲಾಗುವುದಿಲ್ಲವೆಂದು ಕೊಟ್ಟದ್ದು, ಊರಿನ ಮದ್ದು. ಮೊದಲ ಮೂರೂ ವಯಸ್ಸಾದವರ ತಲೆಯನ್ನು ಮಂಕು ಮಾಡಬಲ್ಲವು. ಸಂಜೆ ಎಷ್ಟು ಕುಡಿಯುತ್ತಾರೆ ಎಂಬುದನ್ನೂ ಸಂಕೋಚವಿಲ್ಲದೆ ಬರೆಯಿರಿ. ಕೊಡಗಿನ ಮನೆಗಳಲ್ಲಿ ಇದನ್ನು ಡಾಕ್ಟರ ಮುಂದೆ ಅರ್ಧಕ್ಕೆ ಇಳಿಸಿ ಹೇಳುವ ರೂಢಿ.

ಇನ್ನು ಕಾಯಬಾರದ ಸಂದರ್ಭಗಳು. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಗೊಂದಲಕ್ಕೆ ಬಿದ್ದು ಅರೆನಿದ್ರೆಯಲ್ಲಿ ಏನೇನೋ ಬಡಬಡಿಸುತ್ತಿದ್ದರೆ ಅದು ಡಿಮೆನ್ಶಿಯಾ ಅಲ್ಲ. ಮೂತ್ರದ ಸೋಂಕು, ಜ್ವರ, ರಕ್ತದಲ್ಲಿ ಸೋಡಿಯಂ ಇಳಿದದ್ದು, ಸಕ್ಕರೆ ಇಳಿದದ್ದು ಹೀಗೆ ಏನಾದರೂ ಇರುತ್ತದೆ. ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಪಾರ್ಶ್ವವಾಯು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವು. ಕರಿಕೆಯಂಥ ಕಡೆ ಅದರಲ್ಲಿ ಎರಡು ಗಂಟೆ ರಸ್ತೆಗೇ ಹೋಗುತ್ತದೆ, ಹಾಗಾಗಿ ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿಯೂ ಅದು ನಡೆಯುತ್ತದೆಯೇ ಎಂದು ಇಂದೇ ಫೋನ್ ಮಾಡಿ ತಿಳಿದಿಟ್ಟುಕೊಳ್ಳಿ. ಗಡಿಯಾಚೆಯದ್ದು ಹತ್ತಿರವಾದರೆ ಅಲ್ಲಿಗೇ ಹೋಗಿ. ಆದರೆ ಕರ್ನಾಟಕದ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಯೋ ಇಲ್ಲವೋ ಎಂಬುದನ್ನೂ ಮೊದಲೇ ಕೇಳಿಡಿ.

ಮೂರನೆಯದು ಜಾರಿ ಬೀಳುವುದು. ಮಳೆಗಾಲದ ಪಾಚಿ ಹಿಡಿದ ಅಂಗಳದಲ್ಲಿ ಬಿದ್ದು ತಲೆಗೆ ಸಣ್ಣ ಪೆಟ್ಟಾದರೆ ಆ ದಿನ ಏನೂ ಆಗದಿರಬಹುದು. ವಯಸ್ಸಾದವರಲ್ಲಿ ಮಿದುಳಿನ ಹೊರಪೊರೆಯ ಕೆಳಗೆ ರಕ್ತ ನಿಧಾನವಾಗಿ ಜಿನುಗಿ ವಾರಗಳ ನಂತರ ಮಂಕು, ನಡಿಗೆಯಲ್ಲಿ ತೊಡರು, ಮರೆವು ಕಾಣಿಸಿಕೊಳ್ಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಸಿಟಿ ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಸಿಗುತ್ತದೆ, ಆಪರೇಷನ್ನಿನಿಂದ ಬಹುಪಾಲು ಗುಣವೂ ಆಗುತ್ತದೆ. ಆದರೆ ಎರಡು ತಿಂಗಳ ಹಿಂದಿನ ಬೀಳುವಿಕೆಯನ್ನು ನೆನಪಿಟ್ಟು ಹೇಳಬೇಕಾದವರು ಮನೆಯವರು. ನೋಟ್‌ಬುಕ್ ಅದಕ್ಕೇ.

ಸ್ಕ್ಯಾನಿಂಗ್‌ಗಿಂತ ಮೊದಲು ಡಾಕ್ಟರು ಸಾಮಾನ್ಯವಾಗಿ ಬರೆಯುವ ರಕ್ತಪರೀಕ್ಷೆಗಳು: ಥೈರಾಯ್ಡ್, ವಿಟಮಿನ್ ಬಿ12, ಸಕ್ಕರೆ, ಸೋಡಿಯಂ, ಮೂತ್ರಪಿಂಡ ಮತ್ತು ಯಕೃತ್ತಿನದ್ದು, ಹಿಮೋಗ್ಲೋಬಿನ್. ಬಿ12 ಕೊರತೆ, ಥೈರಾಯ್ಡ್ ಕುಂದಿದ್ದು, ಗಂಡನೋ ಹೆಂಡತಿಯೋ ತೀರಿಕೊಂಡ ಮೇಲಿನ ಖಿನ್ನತೆ ಇವೆಲ್ಲ ಡಿಮೆನ್ಶಿಯಾದಂತೆಯೇ ಕಾಣುತ್ತವೆ, ಚಿಕಿತ್ಸೆ ಕೊಟ್ಟರೆ ಸುಧಾರಿಸುತ್ತವೆ. ಕಿವಿ, ಕಣ್ಣು ನೋಡಿಸುವುದನ್ನು ಮರೆಯಬೇಡಿ. ಕೇಳಿಸದವರು ಉತ್ತರ ಕೊಡದಿದ್ದರೆ ಮರೆತರು ಎಂದು ಬರೆದುಕೊಳ್ಳುವುದು ಅನ್ಯಾಯ.

ಯಾವ ಭಾಷೆಯಲ್ಲಿ ಪರೀಕ್ಷೆ?

ಕರಿಕೆಯವರು ತಪ್ಪದೆ ಕೇಳಬೇಕಾದ ಪ್ರಶ್ನೆ ಇದು, ಬೆಂಗಳೂರಿನ ಎಷ್ಟೋ ಲೇಖನಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ನೆನಪಿನ ಪರೀಕ್ಷೆ ಎಂದರೆ ಮಾತಿನ ಪರೀಕ್ಷೆ. ಮೂರು ಪದ ಹೇಳಿ ಐದು ನಿಮಿಷದ ನಂತರ ಕೇಳುವುದು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎನ್ನುವುದು, ನೂರರಿಂದ ಏಳೇಳು ಕಳೆಯುವುದು. ಮನೆಯಲ್ಲಿ ಅರೆಭಾಷೆಯೋ ಮಲಯಾಳವೋ ಆಡಿ, ಸಂತೆಯಲ್ಲಿ ತುಳು ಕೇಳಿ, ಕಚೇರಿಯಲ್ಲಿ ಮಾತ್ರ ಕನ್ನಡ ಬಳಸಿದ ಎಂಬತ್ತರ ಅಜ್ಜಿಯನ್ನು ಪುಸ್ತಕದ ಕನ್ನಡದಲ್ಲಿ ಇದನ್ನೆಲ್ಲ ಕೇಳಿದರೆ ಕಡಿಮೆ ಅಂಕ ಬರುವುದು ಕಾಯಿಲೆಯಿಂದಲೋ ಭಾಷೆಯಿಂದಲೋ ಹೇಳುವುದು ಕಷ್ಟ. ಶಾಲೆಗೇ ಹೋಗದವರಿಗೆ ವಾಕ್ಯ ಬರೆಯಿರಿ, ಗಡಿಯಾರದ ಚಿತ್ರ ಬಿಡಿಸಿ ಎನ್ನುವುದೂ ಹಾಗೆಯೇ.

ಒಳ್ಳೆಯ ಸುದ್ದಿ ಎಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ: ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳ. ಕರಿಕೆಯ ಎರಡು ಭಾಷೆಗಳು ಅದರಲ್ಲಿವೆ. ಹಾಗಾಗಿ ಮೊದಲೇ ಹೇಳಿ: ಇವರು ಹಣ ಎಣಿಸುವುದು ಯಾವ ಭಾಷೆಯಲ್ಲಿ, ಬೈಯುವುದು ಯಾವ ಭಾಷೆಯಲ್ಲಿ, ಎಷ್ಟನೇ ತರಗತಿವರೆಗೆ ಓದಿದ್ದಾರೆ. ಮಲಯಾಳವೇ ಮನೆಮಾತಾದರೆ ಕೇರಳದ ಕಡೆ ಪರೀಕ್ಷೆ ಮಾಡಿಸುವುದರಲ್ಲಿ ನಷ್ಟವೇನಿಲ್ಲ. ಕನ್ನಡಕ, ಕಿವಿಯ ಯಂತ್ರ ಜೊತೆಗಿರಲಿ. ಪಕ್ಕದಲ್ಲಿ ಕುಳಿತ ಮಗಳು ಉತ್ತರ ಪಿಸುಗುಟ್ಟದಿರಲಿ. ಅಜ್ಜಿಯ ಮಾನ ಉಳಿಸಲು ಹೋಗಿ ಆಕೆಗೇ ಕೆಡುಕು ಮಾಡಿದ ಹಾಗಾಗುತ್ತದೆ.

ಈ ಹಲವು ಭಾಷೆಗಳ ಬದುಕಿಗೆ ಇನ್ನೊಂದು ಮುಖವೂ ಇದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವಿಜ್ಞಾನ ಪ್ರಾಧ್ಯಾಪಕರಾಗಿರುವ ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ, ಅಲ್ಲಿನ ನೆನಪಿನ ಕ್ಲಿನಿಕ್ಕಿಗೆ ಬಂದ 648 ಡಿಮೆನ್ಶಿಯಾ ರೋಗಿಗಳ ದಾಖಲೆಗಳನ್ನು ಸಹೋದ್ಯೋಗಿಗಳೊಂದಿಗೆ ಪರಿಶೀಲಿಸಿದರು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿದ್ದವು. ಅನಕ್ಷರಸ್ಥರಲ್ಲೂ ಈ ವ್ಯತ್ಯಾಸ ಕಂಡಿತು, ಆದ್ದರಿಂದ ಇದು ಓದಿನ ಲಾಭ ಮಾತ್ರವಲ್ಲ. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಅರೆಭಾಷೆ, ಕನ್ನಡ, ಮಲಯಾಳ, ತುಳು ನಾಲ್ಕನ್ನೂ ಲೀಲಾಜಾಲವಾಗಿ ಆಡುವ ಕರಿಕೆಯವರಿಗೆ ಇಲ್ಲಿ ಸ್ವಲ್ಪ ಬೇಸರವಾಗಬಹುದು!

ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ ಎನ್ನುವುದನ್ನೂ ಹೇಳಬೇಕು. ಆದರೆ ಸ್ಕ್ಯಾನಿಂಗ್ ವರದಿ ಓದುವವರಿಗೆ ಇದರಲ್ಲೊಂದು ಸೂಕ್ಷ್ಮವಿದೆ. ಭಾಷೆ ಕಾಯಿಲೆಯನ್ನು ತಡೆಯುವುದಿಲ್ಲ. ಮಿದುಳು ಸವೆಯುತ್ತಿದ್ದರೂ ಕೆಲಸ ನಿಭಾಯಿಸುವ ತಾಕತ್ತನ್ನು ಹೆಚ್ಚಿಸುತ್ತದೆ ಎನ್ನುವುದು ವಿಜ್ಞಾನಿಗಳ ಊಹೆ. ಕೆನಡಾದಲ್ಲಿ 2012ರಲ್ಲಿ ಸಿಟಿ ಸ್ಕ್ಯಾನ್ ಹೋಲಿಸಿ ನೋಡಿದಾಗ, ಒಂದೇ ಮಟ್ಟದ ಮರೆವು ಇರುವವರಲ್ಲಿ ಎರಡು ಭಾಷೆಯವರ ಮಿದುಳೇ ಹೆಚ್ಚು ಸವೆದಿತ್ತು. ಅಂದರೆ ಚಿತ್ರದಲ್ಲಿ ಕಂಡ ಸವಕಳಿಯೂ ಮನೆಯಲ್ಲಿ ಕಂಡ ಮರೆವೂ ಒಂದಕ್ಕೊಂದು ತಾಳೆಯಾಗಲೇಬೇಕೆಂದಿಲ್ಲ.

ಚಿತ್ರ ಹೇಳುವುದು, ಹೇಳದ್ದು

ಸಿಟಿ ಕೆಲವೇ ನಿಮಿಷಗಳ ಕೆಲಸ. ರಕ್ತಸ್ರಾವ, ಗಡ್ಡೆ, ದೊಡ್ಡ ಪಾರ್ಶ್ವವಾಯು, ಮಿದುಳಿನ ಕೋಣೆಗಳಲ್ಲಿ ನೀರು ತುಂಬಿಕೊಂಡದ್ದು ಕಾಣುತ್ತವೆ. ಈ ಕೊನೆಯದನ್ನು ಗಮನಿಸಿ: ನಡಿಗೆ ತೊಡರುವುದು, ಮೂತ್ರ ನಿಲ್ಲದಿರುವುದು, ಮರೆವು ಮೂರೂ ಒಟ್ಟಿಗೆ ಬಂದರೆ ನೀರನ್ನು ಬೇರೆಡೆಗೆ ಹರಿಸುವ ಆಪರೇಷನ್ನಿನಿಂದ ಕೆಲವರು ಎದ್ದು ಓಡಾಡುತ್ತಾರೆ. ಅಲುಗಾಡದೆ ಮಲಗಲಾರದ ಹಿರಿಯರಿಗೆ ಸಿಟಿಯೇ ಸರಿ.

ಎಂಆರ್‌ಐ ಸೂಕ್ಷ್ಮ. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗ ಕುಗ್ಗಿದೆಯೇ, ಸಣ್ಣ ರಕ್ತನಾಳಗಳು ಹಾಳಾಗಿ ಬಿಳಿ ಮಚ್ಚೆಗಳು ಬಿದ್ದಿವೆಯೇ ಎಂದು ತೋರಿಸುತ್ತದೆ. ಅರ್ಧ ಗಂಟೆ ಸುರಂಗದಂಥ ಯಂತ್ರದೊಳಗೆ ಜೋರು ಸದ್ದಿನಲ್ಲಿ ಮಲಗಿರಬೇಕು. ಎಕ್ಸ್‌ರೇ ವಿಕಿರಣ ಇಲ್ಲ, ಆದರೆ ಬಲವಾದ ಅಯಸ್ಕಾಂತವಿದೆ. ಪೇಸ್‌ಮೇಕರ್, ಹಳೆಯ ಆಪರೇಷನ್ನಿನ ಲೋಹ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ತಿಳಿಸಬೇಕು. ತಾಳಿ, ಬಳೆ, ಸೇಫ್ಟಿಪಿನ್, ಹಲ್ಲಿನ ಸೆಟ್ಟು ತೆಗೆಯಬೇಕು. ತಾಳಿ ತೆಗೆಯಲು ಒಪ್ಪದ ಅಜ್ಜಿಗೆ ಮನೆಯಲ್ಲೇ ಮೊದಲು ಹೇಳಿ ಒಪ್ಪಿಸಿಟ್ಟರೆ ಯಂತ್ರದ ಬಾಗಿಲಲ್ಲಿ ರಂಪ ತಪ್ಪುತ್ತದೆ. ಚೀಟಿಯಲ್ಲಿ ಬರೀ ‘ಮಿದುಳಿನ ಎಂಆರ್‌ಐ’ ಎಂದಿರದೆ, ಎಷ್ಟು ಕಾಲದಿಂದ ಏನು ತೊಂದರೆ ಎಂದು ಡಾಕ್ಟರು ಬರೆದಿರಲಿ. ಚಿತ್ರ ಓದುವವರು ಎಲ್ಲಿ ಹೆಚ್ಚು ಗಮನಿಸಬೇಕೆಂಬುದು ಅದರಿಂದ ಗೊತ್ತಾಗುತ್ತದೆ. ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ.

ವರದಿಯಲ್ಲಿ ವಯಸ್ಸಿಗೆ ಸಂಬಂಧಿಸಿದ ಸವಕಳಿ ಎಂಬ ಅರ್ಥದ ಸಾಲು ಕಂಡು ಗಾಬರಿಯಾಗುವವರು ಬಹಳ. ಎಪ್ಪತ್ತೈದರ ಮಿದುಳು ಇಪ್ಪತ್ತೈದರದ್ದಕ್ಕಿಂತ ಕುಗ್ಗಿರುವುದು ಸಹಜ. ಅದೊಂದರಿಂದ ರೋಗ ಹೇಳಲಾಗದು. ಹಾಗೆಯೇ ಸ್ಕ್ಯಾನ್ ನಾರ್ಮಲ್ ಎಂದು ಬಂದರೆ ಡಿಮೆನ್ಶಿಯಾ ಇಲ್ಲ ಎಂದೂ ಅಲ್ಲ. ಆರಂಭದಲ್ಲಿ ಚಿತ್ರ ಸ್ವಚ್ಛವಾಗಿಯೇ ಇರಬಹುದು. ಪೆಟ್ ಸ್ಕ್ಯಾನ್ ಮಿದುಳಿನ ಯಾವ ಭಾಗ ಸಕ್ಕರೆ ಬಳಸುತ್ತಿಲ್ಲ, ಎಲ್ಲಿ ಅಮಿಲಾಯ್ಡ್ ಪ್ರೋಟೀನ್ ಜಮಾಯಿಸಿದೆ ಎಂದು ತೋರಿಸುತ್ತದೆ. ದುಬಾರಿ, ದೊಡ್ಡ ನಗರಗಳಲ್ಲಿ ಮಾತ್ರ. ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಇಲ್ಲ ಎಂದರೆ ಆ ಹಣದಲ್ಲಿ ಮನೆಗೆ ಸಹಾಯಕರನ್ನು ಇಟ್ಟುಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಮ್ಮವರ ಮಿದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂಬ ಲೆಕ್ಕವೇ ನಮ್ಮಲ್ಲಿ ಬಹುಕಾಲ ಇರಲಿಲ್ಲ. ಪಾಶ್ಚಾತ್ಯರ ಅಳತೆಗೋಲೇ ಗತಿ. ಹೈದರಾಬಾದಿನ ಐಐಐಟಿ 2019ರಲ್ಲಿ ನೂರು ಭಾರತೀಯರ ಎಂಆರ್‌ಐ ಸೇರಿಸಿ ಒಂದು ಮಿದುಳಿನ ನಕ್ಷೆ ತಯಾರಿಸಿದಾಗ, ನಮ್ಮ ಸರಾಸರಿ ಮಿದುಳು ಎತ್ತರ, ಅಗಲ, ಗಾತ್ರಗಳಲ್ಲಿ ಪಾಶ್ಚಾತ್ಯರದ್ದಕ್ಕಿಂತ ತುಸು ಚಿಕ್ಕದೆಂದು ಕಂಡಿತು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಅವರ ಅಳತೆಗೆ ಹೋಲಿಸಿದರೆ ಆರೋಗ್ಯವಂತರ ಮಿದುಳೂ ಸವೆದಂತೆ ತೋರುವ ಅಪಾಯವಿದೆ.

ಈ ಕೊರತೆಯನ್ನು ತುಂಬುವ ದೊಡ್ಡ ಕೆಲಸ ನಡೆಯುತ್ತಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ. ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ಕೊಟ್ಟ ದೇಣಿಗೆಯಿಂದ ಅಲ್ಲಿ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಆರಂಭವಾಯಿತು. ಆ ಕೇಂದ್ರ 2018ರಲ್ಲಿ ಶುರುಮಾಡಿದ ಅಧ್ಯಯನದ ಗುರಿ ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರು. ರಕ್ತ, ವಂಶವಾಹಿ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲವನ್ನೂ ದಾಖಲಿಸಿ, ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡುವುದು ಕ್ರಮ. ನಲವತ್ತೈದರಿಂದಲೇ ಏಕೆ? ಆಲ್ಝೈಮರ್ ಮಿದುಳಿನಲ್ಲಿ ಬೇರು ಬಿಡುವುದು ಲಕ್ಷಣ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲು. ಅಜ್ಜನಾದ ಮೇಲೆ ನೋಡಿದರೆ ಆರಂಭ ಸಿಗುವುದಿಲ್ಲ. ಶ್ರೀನಿವಾಸಪುರದ ಮಾವಿನ ಬಯಲೇ ಬೇರೆ, ಕರಿಕೆಯ ಮಳೆಕಾಡೇ ಬೇರೆ. ಆದರೂ ಕನ್ನಡದ ಹಳ್ಳಿಯ ಮಿದುಳಿಗೆ ಕನ್ನಡದ ಹಳ್ಳಿಯದ್ದೇ ಅಳತೆ ಸಿಗುವುದು ಅಲ್ಲಿಂದಲೇ.

ಚಿಕಿತ್ಸೆಯ ಬಾಗಿಲು ಈಗ ಸ್ವಲ್ಪ ಹತ್ತಿರ ಬಂದಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದವು. ಕೊಡಗಿನ ಮೂಲದ ಕ್ರಿಕೆಟಿಗ ರಾಬಿನ್ ಉತ್ತಪ್ಪ ಅದರ ರಾಯಭಾರಿಯಾದರು. ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ಮೊದಲ ಕ್ಲಿನಿಕ್‌ಗಳು ತೆರೆದವು, ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೊರಡುವ ಮೊದಲು ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿಕೊಳ್ಳಿ. ಸಾಧ್ಯವಾದರೆ ಮೊದಲ ಭೇಟಿ ಮುಂಗಾರಿಗೆ ಮುಂಚೆಯೇ ಮುಗಿಯಲಿ. ಸಿಟ್ಟು, ನಿದ್ರೆಗೇಡು, ಆರೈಕೆ ಮಾಡುವವರ ಸುಸ್ತಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಇತರ ತೊಂದರೆಗೆ 14567. ಡೊನೆಪೆಜಿಲ್, ಮೆಮಂಟಿನ್ ಮೊದಲಾದ ಮಾತ್ರೆಗಳು ಕೆಲವರಲ್ಲಿ ಕೆಲಕಾಲ ಲಕ್ಷಣಗಳನ್ನು ಹಿಡಿದು ನಿಲ್ಲಿಸುತ್ತವೆ, ರೋಗ ಗುಣಪಡಿಸುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್‌ನಂಥ ಹೊಸ ಚುಚ್ಚುಮದ್ದುಗಳು ಆರಂಭದ ಹಂತದವರಿಗೆ ಮಾತ್ರ. ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತಿದೆಯೇ ಎಂದು ಪದೇ ಪದೇ ಎಂಆರ್‌ಐ ಮಾಡಿಸಬೇಕು.

ಮನೆಯ ಸುರಕ್ಷತೆಯ ಮಾತು. ಪಟ್ಟಣದ ಸಲಹೆಗಳು ಗ್ಯಾಸ್ ಮತ್ತು ಬಚ್ಚಲಿನಲ್ಲೇ ನಿಲ್ಲುತ್ತವೆ. ನಮ್ಮಲ್ಲಿ ಮೊದಲನೆಯದು ಕೋವಿ. ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದರಿಂದ ಎಷ್ಟೋ ಮನೆಗಳಲ್ಲಿ ಅದು ಗೋಡೆಯ ಮೇಲೇ ಇರುತ್ತದೆ. ಕಳ್ಳ ಬಂದ, ಯಾರೋ ನಿಂತಿದ್ದಾರೆ ಎಂದು ಭ್ರಮಿಸುವವರ ಕೈಗೆ ಅದು ಸಿಗಬಾರದು. ತೋಟಾ ಒಂದು ಕಡೆ, ಕೋವಿ ಇನ್ನೊಂದು ಕಡೆ, ಎರಡಕ್ಕೂ ಬೀಗ. ಅಡಿಕೆಗೆ ಹೊಡೆಯುವ ಮೈಲುತುತ್ತು, ಕಳೆನಾಶಕ, ಕತ್ತಿ ಇವೂ ಒಳಗೆ ಹೋಗಲಿ. ಕೆರೆ, ಬಾವಿಗೆ ಬೇಲಿ ಬೇಕು. ಅಡ್ಡಾಡಿ ದಾರಿ ತಪ್ಪಿದರೆ ಮೇಲೆ ಆನೆಯ ಕಾಡು, ಕೆಳಗೆ ಇನ್ನೊಂದು ರಾಜ್ಯ. ಅಂಗಿಯ ಜೇಬಿನಲ್ಲಿ ಹೆಸರು, ಮನೆಯ ಫೋನ್ ನಂಬರ್ ಇರುವ ಚೀಟಿ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ಬಸ್ಸಿನವರಿಗೆ, ಅಂಗಡಿಯವರಿಗೆ ಮೊದಲೇ ಹೇಳಿಡಿ. ನಾಚಿಕೆಯಿಂದ ಮುಚ್ಚಿಟ್ಟ ಮನೆಯ ಅಜ್ಜನನ್ನು ಯಾರೂ ತಡೆದು ನಿಲ್ಲಿಸುವುದಿಲ್ಲ.

ವಿಲ್, ಬ್ಯಾಂಕಿನ ನಾಮಿನಿ, ಜಮೀನಿನ ಕಾಗದ ಇವುಗಳನ್ನು ಅವರಿಗೆ ಇನ್ನೂ ತಿಳಿಯುವ ಹಂತದಲ್ಲೇ, ಅವರ ಇಷ್ಟದಂತೆಯೇ ಮುಗಿಸಿ. ಬರೆದುಕೊಟ್ಟವರ ವಿವೇಚನೆ ಹೋದ ಮೇಲೆ ಭಾರತದ ಕರಾರು ಕಾಯ್ದೆಯ ಪ್ರಕಾರ ಪವರ್ ಆಫ್ ಅಟಾರ್ನಿ ಕೂಡ ನಿಲ್ಲುವುದಿಲ್ಲ.

ಕೊನೆಗೆ ಮಕ್ಕಳು ಹೊಸ್ತಿಲಲ್ಲಿ ನಿಂತು ಕೇಳುವ ಪ್ರಶ್ನೆ: ನಮಗೂ ಬರುತ್ತದೆಯೇ? ನೇರವಾಗಿ ವಂಶದಲ್ಲಿ ಇಳಿಯುವ ಬಗೆ ಬಹಳ ಅಪರೂಪ, ಅದು ಸಾಮಾನ್ಯವಾಗಿ ಅರವತ್ತೈದಕ್ಕೆ ಮೊದಲೇ ತಲೆದೋರುತ್ತದೆ. ಉಳಿದವರಲ್ಲಿ ತಂದೆತಾಯಿಗೆ ಇದ್ದರೆ ಸಾಧ್ಯತೆ ತುಸು ಹೆಚ್ಚು, ಅಷ್ಟೇ. ಲ್ಯಾನ್ಸೆಟ್ ಆಯೋಗ 2024ರಲ್ಲಿ ತಿದ್ದಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಬೀಡಿ-ಸಿಗರೇಟು, ಅತಿ ಕುಡಿತ, ಕಿವುಡುತನ, ಚಿಕಿತ್ಸೆ ಮಾಡಿಸದ ದೃಷ್ಟಿದೋಷ, ತಲೆಯ ಪೆಟ್ಟು, ಒಂಟಿತನ ಇವೆಲ್ಲ ಅದರಲ್ಲಿವೆ. ನಡುವಯಸ್ಸಿನ ಬಿಪಿಯೇ ನಮ್ಮಲ್ಲಿ ಅತಿ ಸುಲಭವಾಗಿ ಹಿಡಿಯಬಹುದಾದದ್ದು. ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ದ ದಿನವೇ ಜೊತೆಗೆ ಹೋದ ನಲವತ್ತೈದರ ಮಗನೂ ಸೊಸೆಯೂ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಅಳತೆ ನೋಡಿಸಿ, ಅದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಲಿ.